ಒಳಗಿನ ಪ್ಯಾಡು

"ನಿನ್ನ ತಂಗಿ ಗಂಡ ಕಾಲಿಟ್ಟಿದ್ದು ಬ್ರೇಕ್ ಮೇಲಲ್ಲ ಕಣೋ, ನನ್ನ ಹೊಟ್ಟೆ ಮೇಲೆ," ಎಂದ ಯಜಮಾನ.

"ನಿಮ್ಮ ಹೊಟ್ಟೆ ಮೇಲೆ ಇಟ್ಟಿದ್ರೆ ಲಾರಿ ನಿಲ್ತಿತ್ತು ಯಜಮಾನ್ರೇ. ಅಲ್ಲಿ ಜಾಗ ಬೇಕಾದಷ್ಟಿದೆ," ಎಂದ ಮೇಸ್ತ್ರಿ.

"ಬಾಯಿ ಬಿಗಿ ಹಿಡಿದು ಮಾತಾಡು."

"ಬಿಗಿ ಹಿಡಿದೇ ಇಪ್ಪತ್ತೆರಡು ವರ್ಷ ಆಯ್ತು."

"ಹಾಗಾದ್ರೆ ಸೈನ್ ಹಾಕು."

"ಹಾಕಲ್ಲ."

ಯಜಮಾನನ ಲಾರಿ ಶೆಡ್ಡಿನಲ್ಲಿ, ಇಬ್ಬರ ನಡುವೆ ಮೇಜಿನ ಮೇಲೆ ಒಂದು ಕಾಗದ ಇತ್ತು. ಅಪಘಾತದ ದಿನ ಈ ವಾಹನದ ಬ್ರೇಕುಗಳು ಸುಸ್ಥಿತಿಯಲ್ಲಿದ್ದವು ಎಂದು ಅದರಲ್ಲಿ ಟೈಪು ಮಾಡಿತ್ತು. ಕೆಳಗೆ, ಲಾರಿ ರಿಪೇರಿ ಮಾಡುವ ಮೇಸ್ತ್ರಿಯ ಸಹಿಗೆ ಜಾಗ ಬಿಟ್ಟಿತ್ತು. ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಮೇಲೊಂದು ಬೇರಿಂಗ್ ಇಟ್ಟಿದ್ದರು.

ಅಪಘಾತ ನಡೆದು ಒಂಬತ್ತು ದಿನವಾಗಿತ್ತು. ಲಾರಿ ತುಂಬ ಸಿಮೆಂಟು, ಎದುರಿಗೆ ಇಳಿಜಾರು, ಕೆಳಗೆ ತಿರುವು. ಓಡಿಸುತ್ತಿದ್ದವನು ಮೇಸ್ತ್ರಿಯ ತಂಗಿಯ ಗಂಡ. ಬ್ರೇಕು ತುಳಿದದ್ದೇ ತಡ, ಲಾರಿ ಎಡಕ್ಕೆ ಎಳೆದುಕೊಂಡು ಹೋಗಿ ಒಂದು ಗೋದಾಮಿನ ಗೋಡೆಗೆ ಮೂತಿ ಕೊಟ್ಟಿತು. ಗೋಡೆ ಬಿತ್ತು. ಡ್ರೈವರನ ಮೊಣಕಾಲು ಮುರಿಯಿತು. ಗೋಡೆಯ ಆಚೆ ದಿನವೂ ಹನ್ನೊಂದು ಜನ ಹಮಾಲರು ಮೂಟೆ ಹೊರುತ್ತಿದ್ದರು. ಐದು ನಿಮಿಷ ಮುಂಚೆ ಅವರು ಊಟಕ್ಕೆ ಎದ್ದಿದ್ದರು.

ಡ್ರೈವರ್ ತೂಕಡಿಸಿದ ಎಂದು ಯಜಮಾನ ಹೇಳುತ್ತಿದ್ದ. ಬ್ರೇಕು ತುಳಿದೆ ಎಂದು ಡ್ರೈವರ್ ಹೇಳುತ್ತಿದ್ದ. ಲಾರಿ ಪರೀಕ್ಷಿಸಲು ಬರುವ ಆರ್‌ಟಿಓ ಇನ್ಸ್‌ಪೆಕ್ಟರು ಯಾವುದನ್ನು ಬರೆಯುತ್ತಾರೋ ಅದು ನಿಜವಾಗುತ್ತಿತ್ತು. ತೂಕಡಿಸಿದ ಎಂದು ಬರೆದರೆ ಲೈಸೆನ್ಸು ಹೋಗುತ್ತದೆ. ಲೈಸೆನ್ಸು ಹೋದ ಡ್ರೈವರೂ ಕತ್ತರಿ ಹೋದ ದರ್ಜಿಯೂ ಒಂದೇ.

ಆ ಡ್ರೈವರ್ ಶೆಡ್ಡಿನ ಬಾಗಿಲಲ್ಲಿ ಹಳೇ ಟಯರಿನ ಮೇಲೆ ಕೂತಿದ್ದ. ಕಾಲಿಗೆ ಸಿಮೆಂಟಿನ ಪಟ್ಟಿ. "ಲಾರಿಗೆ ಸಿಮೆಂಟ್ ತುಂಬಿದ್ದು ಸಾಲದು ಅಂತ ಕಾಲಿಗೂ ಸಿಮೆಂಟ್ ಹಾಕಿದ್ದಾರೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಗುತ್ತಿರಲಿಲ್ಲ. ಲೋಡಿಗೆ ಕಾಯುತ್ತ ಇನ್ನೂ ಆರು ಲಾರಿ ಅಂಗಳದಲ್ಲಿ ನಿಂತಿದ್ದವು. ಅವುಗಳ ಡ್ರೈವರುಗಳು ನೆರಳಲ್ಲಿ ಕೂತು ಜಗಳ ಕೇಳುತ್ತಿದ್ದರು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರು ಬಂದರು. ಬಿಳಿ ಅಂಗಿ, ಕೈಯಲ್ಲಿ ಪುಟ್ಟ ಬ್ಯಾಟರಿ. ಚಕ್ರ ಬಿಚ್ಚಿ ನೋಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಚಕ್ರದ ತೂತಿನಿಂದ ಬೆಳಕು ಬಿಟ್ಟು, ಕಂಡದ್ದನ್ನು ಬರೆಯುವುದೇ ಪದ್ಧತಿ. ಯಜಮಾನ ಅವರಿಗೆ ಲಂಚ ಕೊಟ್ಟಿರಲಿಲ್ಲ. ನೋಡದವನ ಕಣ್ಣು ಮುಚ್ಚಿಸಲು ಯಾರು ಖರ್ಚು ಮಾಡುತ್ತಾರೆ?

ಇನ್ಸ್‌ಪೆಕ್ಟರು ಗೋಡೆಗೆ ಗುದ್ದಿದ್ದ ಲಾರಿಯ ಮುಂದಿನ ಬಲಚಕ್ರಕ್ಕೆ ಬಗ್ಗಿದರು. "ಬ್ರೇಕ್ ಪ್ಯಾಡು ಹೆಬ್ಬೆರಳು ದಪ್ಪ ಇದೆ. ಹೊಸದರ ಹಾಗಿದೆ."

"ಹೊಸದರ ಹಾಗಿರೋದೇ ರೋಗ ಸಾಹೇಬ್ರೆ," ಎಂದ ಮೇಸ್ತ್ರಿ.

"ಅಂದ್ರೆ?"

"ನಿಮಗೆ ಕಾಣ್ತಿರೋದು ಹೊರಗಿನ ಪ್ಯಾಡು. ಒಳಗಿನದು ಆ ತೂತಲ್ಲಿ ಕಾಣಲ್ಲ."

"ಸಾಹೇಬ್ರಿಗೆ ಹೊತ್ತಾಗುತ್ತೆ," ಎಂದ ಯಜಮಾನ.

ಮೇಸ್ತ್ರಿ ಆಗಲೇ ಜಾಕ್ ಕೊಡುತ್ತಿದ್ದ. ಹತ್ತು ನಟ್ಟು. ಉದ್ದ ಪಾನಾಕ್ಕೆ ಪೈಪು ಸಿಕ್ಕಿಸಿ, ಅದರ ಮೇಲೆ ನಿಂತು ಒಂದೊಂದನ್ನೇ ಸಡಿಲಿಸಿದ. ಚಕ್ರ ಉರುಳಿಸಿ ಬದಿಗೆ ಒರಗಿಸುವ ಹೊತ್ತಿಗೆ ನೆರಳಲ್ಲಿದ್ದವರೆಲ್ಲ ಎದ್ದು ಬಂದಿದ್ದರು.

"ಬ್ರೇಕ್ ಒತ್ತೋದು ಡ್ರೈವರ್ ಕಾಲಲ್ಲ ಸಾಹೇಬ್ರೆ," ಎಂದು ಮೇಸ್ತ್ರಿ ಶುರು ಮಾಡಿದ. "ಕಾಲು ಬರೀ ಬಾಗಿಲು ತೆಗೆಯುತ್ತೆ. ಟ್ಯಾಂಕಲ್ಲಿ ಗಾಳಿ ತುಂಬಿರುತ್ತಲ್ಲ, ಅದು ಬಂದು ಈ ಡಬ್ಬಿಗೆ ನುಗ್ಗುತ್ತೆ. ಡಬ್ಬಿಯೊಳಗೆ ರಬ್ಬರಿನ ಪರದೆ. ಅದು ಉಬ್ಬಿ ಒಂದು ಕಡ್ಡಿ ತಳ್ಳುತ್ತೆ. ಕಡ್ಡಿ, ಪ್ಯಾಡುಗಳನ್ನ ಹಿಡ್ಕೊಂಡಿರೋ ಈ ಕ್ಯಾಲಿಪರ್ ಒಳಗಿನ ಸನ್ನೆಗೋಲನ್ನ ಮೀಟುತ್ತೆ. ಅದು ಒಳಗಿನ ಪ್ಯಾಡನ್ನ, ಚಕ್ರದ ಜತೆ ತಿರುಗೋ ಈ ಡಿಸ್ಕಿಗೆ ಒತ್ತುತ್ತೆ."

"ಹೊರಗಿನದನ್ನ ಒತ್ತೋರು ಯಾರು?"

"ಯಾರೂ ಇಲ್ಲ. ಒಳಗಿನದು ಡಿಸ್ಕಿಗೆ ತಾಗಿ ನಿಂತ ಮೇಲೆ ಕ್ಯಾಲಿಪರ್ರೇ ಈ ಎರಡು ಪಿನ್ನಿನ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನ ಎಳ್ಕೊಂಡು ಬರಬೇಕು. ಒಂದು ಕೈಲಿ ಚಪ್ಪಾಳೆ ಆಗಲ್ಲ ನೋಡಿ, ಹಾಗೆ. ಪಿನ್ನು ಹಿಡ್ಕೊಂಡ್ರೆ ಮುಗೀತು. ಒಳಗಿನದು ಒಬ್ಬಂಟಿ ದುಡಿದು ಸವೆಯುತ್ತೆ. ಹೊರಗಿನದು ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತಿರುತ್ತೆ."

ಡ್ರೈವರುಗಳಲ್ಲಿ ಒಬ್ಬ ನಕ್ಕ. ಮೇಸ್ತ್ರಿ ಎರಡು ಕೈಯಿಂದ ಕ್ಯಾಲಿಪರನ್ನು ತಳ್ಳಿದ. ಕೈಗೇ ಅತ್ತಿತ್ತ ಸರಿಯಬೇಕಾದದ್ದು ಬಂಡೆಯ ಹಾಗೆ ಕೂತಿತ್ತು. ಪ್ಯಾಡುಗಳನ್ನು ಹೊರಗೆಳೆದು ಇನ್ಸ್‌ಪೆಕ್ಟರ ಬಿಳಿ ಅಂಗಿಯ ಮುಂದೆ ಹಿಡಿದ. ಹೊರಗಿನದು ಹೆಬ್ಬೆರಳು ದಪ್ಪ. ಒಳಗಿನದರಲ್ಲಿ ಪ್ಯಾಡೇ ಇರಲಿಲ್ಲ. ಬರೀ ಕಬ್ಬಿಣದ ಹಲಗೆ. ಡಿಸ್ಕಿನ ಒಳಮೈ ನೇಗಿಲು ಹೊಡೆದ ಹಾಗೆ ಗೀರುಬಿದ್ದಿತ್ತು.

"ಎಡಗಡೆ ಸರಿಯಿದೆ. ಅದು ಹಿಡೀತು, ಇದು ಹಿಡೀಲಿಲ್ಲ. ಲಾರಿ ಎಡಕ್ಕೆ ಎಳೀತು. ಇವನು ನಿದ್ದೆ ಮಾಡಿದ್ರೆ ಬ್ರೇಕ್ ಯಾರು ತುಳಿದ್ರು?"

ಬ್ರೇಕು ಸರಿಯಿದೆ ಎಂದು ಆಗಲೇ ಬರೆದಿದ್ದ ಹಾಳೆಯನ್ನು ಇನ್ಸ್‌ಪೆಕ್ಟರು ಹರಿದರು. ಡ್ರೈವರ್ ಊರುಗೋಲು ಹಿಡಿದು ಎದ್ದು ನಿಂತ. ಒಂಬತ್ತು ದಿನದಲ್ಲಿ ಮೊದಲ ಬಾರಿ ಅವನ ಮುಖದಲ್ಲಿ ರಕ್ತ ಓಡಿತು.

ಆಗ ಯಜಮಾನ ಮೆತ್ತಗೆ ಕೇಳಿದ. "ಪಿನ್ನು ಯಾಕಪ್ಪ ಹಿಡ್ಕೊಂಡಿತು?"

ಮೇಸ್ತ್ರಿ ಪಿನ್ನಿನ ರಬ್ಬರು ಟೋಪಿ ಕಿತ್ತ. ಅದು ಊದಿಕೊಂಡಿತ್ತು. ಒಳಗೆ ಗ್ರೀಸು ಒಣಗಿ ಮೇಣವಾಗಿತ್ತು.

"ಗ್ರೀಸು ತಪ್ಪು," ಎಂದ.

"ಹಚ್ಚಿದ್ದು ಯಾರು?"

ಮೇಸ್ತ್ರಿ ರಬ್ಬರು ಟೋಪಿಯನ್ನು ಬಿಚ್ಚಿದ ಚಕ್ರದ ಮೇಲಿಟ್ಟ.

"ನಾನೇ," ಎಂದ ಮೇಸ್ತ್ರಿ.

"ಬರ್ಕೊಳ್ಳಿ ಸಾಹೇಬ್ರೆ," ಎಂದ ಯಜಮಾನ.

"ಬರ್ಕೊಳ್ಳಿ. ಪೂರ್ತಿ ಬರ್ಕೊಳ್ಳಿ," ಎಂದ ಮೇಸ್ತ್ರಿ. "ಈ ಪಿನ್ನಿಗೆ ಬೇರೆ ಗ್ರೀಸು ಬರುತ್ತೆ. ಸಣ್ಣ ಟ್ಯೂಬು. ಚಾಸಿಗೆ, ಅಂದ್ರೆ ಲಾರಿ ಅಡಿಗೆ ಹಚ್ಚೋದನ್ನ ಇದಕ್ಕೆ ಹಚ್ಚಿದ್ರೆ ರಬ್ಬರು ಊದುತ್ತೆ, ನೀರು ಒಳಗೆ ಹೋಗುತ್ತೆ. ಟ್ಯೂಬು ತರಿಸಿ ಅಂದೆ. ಎಲ್ಲಾ ಗ್ರೀಸೂ ಜಾರೋದೇ, ಡ್ರಮ್ಮಲ್ಲಿರೋದನ್ನೇ ಹಚ್ಚು ಅಂದ್ರು ಇವರು. ಒಂದು ದಿನ ಜಗಳ ಆಡಿದೆ. ಎರಡನೇ ದಿನ ಹಚ್ಚಿದೆ."

ಡ್ರೈವರ್ ಅವನನ್ನೇ ನೋಡುತ್ತಿದ್ದ.

"ಭಾವ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಈ ಲಾರಿ ಹತ್ತಿ ಹೋಗೋವಾಗ ಗೇಟಲ್ಲಿ ನಿಂತು ಕೈ ಬೀಸ್ತಿದ್ರಲ್ಲ. ಆಗಲೂ?"

"ಆಗಲೂ ಗೊತ್ತಿತ್ತು."

ಡ್ರೈವರ್ ಮತ್ತೆ ಟಯರಿನ ಮೇಲೆ ಕೂತ. ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

ಇನ್ಸ್‌ಪೆಕ್ಟರು ಹೊಸ ಹಾಳೆಯಲ್ಲಿ ಬರೆದರು. ಕಾರಣ: ಮೆಕ್ಯಾನಿಕ್ಕನ ನಿರ್ಲಕ್ಷ್ಯ. ಮೇಸ್ತ್ರಿ ಓದಿ ನೋಡಿದ. ಡ್ರೈವರನ ತಪ್ಪಿಲ್ಲ ಎಂಬ ಸಾಲು ಇತ್ತು. ಅದರ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಸಹಿ ಹಾಕಿದ.

ಡ್ರೈವರುಗಳಲ್ಲಿ ಎಲ್ಲರಿಗಿಂತ ಹಿರಿಯವನನ್ನು ಮೀಸೆ ಮಾಮ ಎನ್ನುತ್ತಿದ್ದರು. ಅವನು ಮುಂದೆ ಬಂದ. "ಡ್ರಮ್ಮು ತರಿಸಿದೋರ ಹೆಸರು ಎಲ್ಲಿ ಬರೆದ್ರಿ ಸಾಹೇಬ್ರೆ?"

"ಅದಕ್ಕೆ ಫಾರಮ್ಮಲ್ಲಿ ಜಾಗ ಇಲ್ಲ."

"ಹೌದಾ? ಫಾರಂ ಮಾಡಿದೋರು ಭಾರೀ ಬುದ್ಧಿವಂತರು." ಮೀಸೆ ಮಾಮ ಮೇಸ್ತ್ರಿಯ ಕಡೆ ತಿರುಗಿದ. "ನಮ್ಮ ಲಾರಿಗೆ ಯಾವ ಗ್ರೀಸಪ್ಪ ಹಚ್ಚಿದ್ದೀಯ?"

"ಅದೇ ಡ್ರಮ್ಮಿಂದು. ಆರಕ್ಕೂ."

ಮೀಸೆ ಮಾಮ ಉದ್ದ ಪಾನಾ ಎತ್ತಿಕೊಂಡು ತನ್ನ ಲಾರಿಯತ್ತ ಹೋದ. ಉಳಿದವರೂ ಹೋದರು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದವರು ಅವತ್ತು ತಮ್ಮ ತಮ್ಮ ಚಕ್ರದ ಹಿಂದೆ ತಲೆ ತೂರಿಸಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದೊಂದೇ ದನಿ ಬಂತು.

"ನಂದು ಕಾಗದದಷ್ಟಿದೆ."

"ನಿಂದು ಇದೆಯಲ್ಲೋ, ಪುಣ್ಯವಂತ. ನಂದು ಹಲಗೆ."

"ಲೋಡ್ ಎರಡು ಗಂಟೆಗೆ ಹೊರಡಬೇಕು," ಎಂದು ಯಜಮಾನ ಕೂಗಿದ.

"ತಲೆ ಮೇಲೆ ಹೊತ್ಕೊಂಡು ಹೋಗಿ ಯಜಮಾನ್ರೇ," ಎಂದಿತು ಲಾರಿಯಡಿಯಿಂದ ಮೀಸೆ ಮಾಮನ ದನಿ. "ಇಳಿಜಾರಲ್ಲಿ ನಿಧಾನ."

ಇನ್ಸ್‌ಪೆಕ್ಟರು ತಮ್ಮ ಪ್ರತಿ ಮಡಿಸಿಕೊಂಡು ಹೊರಟರು. ಆರು ಲಾರಿಗಳು ಅವರ ಕಣ್ಣ ಮುಂದೆಯೇ ಇದ್ದವು. ಅವರಿಗೆ ಕೊಟ್ಟ ಕೆಲಸ ಒಂದೇ ಲಾರಿಯದು.

ಯಜಮಾನ ಮೇಸ್ತ್ರಿಯ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. ಹಾಗೆ ಇಟ್ಟದ್ದು ಇದೇ ಮೊದಲು. "ಆ ಟ್ಯೂಬು ಇವತ್ತೇ ತರಿಸ್ತೀನಿ. ಆರನ್ನೂ ಸರಿ ಮಾಡು. ಆ ಕಾಗದ ಮೇಲಕ್ಕೆ ಹೋಗದ ಹಾಗೆ ನಾನು ನೋಡ್ಕೋತೀನಿ."

"ಅದು ಹೋಗದಿದ್ರೆ ಇವನ ತಪ್ಪಿಲ್ಲ ಅನ್ನೋ ಸಾಲೂ ಹೋಗಲ್ಲ," ಎಂದ ಮೇಸ್ತ್ರಿ. "ಹೋಗಲಿ ಬಿಡಿ. ನನ್ನ ಕರೆದಲ್ಲಿಗೆ ನಾನು ಹೋಗಿ ಡ್ರಮ್ಮಿನ ಕಥೆ ಹೇಳ್ತೀನಿ."

ಹೆಗಲ ಮೇಲಿನ ಕೈಯನ್ನು ಎತ್ತಿ ಬದಿಗೆ ಬಿಟ್ಟ. ಸೀಮೆಎಣ್ಣೆಯಲ್ಲಿ ಕೈ ತೊಳೆದ. ಡ್ರೈವರ್ ಆಗಲೇ ಊರುಗೋಲು ಊರುತ್ತ ಗೇಟು ದಾಟುತ್ತಿದ್ದ. ಮೇಸ್ತ್ರಿ ಹತ್ತು ಮಾರು ಹಿಂದೆ, ಅವನ ಕುಂಟು ನಡೆಗೆ ಸರಿಯಾಗಿ ನಡೆದ.

"ಚಕ್ರ ಹಾಕಿ ಹೋಗೋ," ಎಂದು ಹಿಂದಿನಿಂದ ಯಜಮಾನ ಕೂಗಿದ. "ಬಿಚ್ಚಿದೋನೇ ಹಾಕಬೇಕು."

ಅದು ಮೇಸ್ತ್ರಿಯೇ ಆ ಶೆಡ್ಡಿನಲ್ಲಿ ಮಾಡಿದ್ದ ನಿಯಮ. ಅವನು ತಿರುಗಲಿಲ್ಲ.

ರಸ್ತೆಗೆ ಬಂದ ಮೇಲೆ ಡ್ರೈವರ್ ನಿಂತ. "ಹಿಂದೆ ಬರಬೇಡಿ ಭಾವ. ಮುಂದೆ ನಡೀರಿ. ನಿಮ್ಮ ತಂಗಿಗೆ ನೀವೇ ಹೇಳಬೇಕು."

ಮೇಸ್ತ್ರಿ ತಲೆಯಾಡಿಸಿ, ಅವನನ್ನು ದಾಟಿ ಮುಂದೆ ನಡೆದ. ಶೆಡ್ಡಿನ ಕಡೆಗೆ ಅವನು ಮತ್ತೆ ಕಾಲಿಡಲಿಲ್ಲ.