ನಬಿಂತುವಿನ ಕಾಲಿಗೆ ಕಟ್ಟಿದ ಕರಿಕಲ್ಲು

ನನ್ನ ತಂಗಿಯ ಓಣಿಯ ಬಾಯಲ್ಲೇ ಒಂದು ಕಸದ ಗುಡ್ಡೆ. ಅಲ್ಲಿ ಐದಾರು ನಾಯಿಗಳು. ಅವಕ್ಕೆ ಯಜಮಾನರು ಅಂತ ಯಾರೂ ಇಲ್ಲ. ಆದರೆ ದಿನಾ ಒಬ್ಬರು ಮೀನಿನ ತಲೆ ಎಸೆಯುತ್ತಾರೆ, ಇನ್ನೊಬ್ಬರು ಮಿಕ್ಕ ಮುದ್ದೆ ಎಸೆಯುತ್ತಾರೆ. ನಾಯಿ ಯಾರನ್ನಾದರೂ ಕಚ್ಚಿದ ದಿನ ಮಾತ್ರ ಅದೇ ಜನ, "ಯಾರ ನಾಯಿಯೋ ಏನೋ" ಅಂತ ಮುಖ ತಿರುಗಿಸುತ್ತಾರೆ.

ನನ್ನ ಹೆಸರು ಚಿಬಲೊಂಜ. ಕಾಂಗೋದಲ್ಲಿ ಗುಂಡಿನ ಸದ್ದಿಗೆ ಊರು ಬಿಟ್ಟು, ಗಡಿ ದಾಟಿ ಈ ಕಂಪಾಲ ಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತೇನೆ. ನನ್ನ ತಂಗಿ ನಬಿಂತು ಬಣ್ಣದ ಬಟ್ಟೆಗಳ ಗಂಟನ್ನು ತಲೆಯ ಮೇಲೆ ಹೊತ್ತು ಮನೆಮನೆ ತಿರುಗಿ ಮಾರುತ್ತಾಳೆ. ಈ ಕಥೆ ಅವಳದು. ಹೇಳುವಾಗ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಏರಲಿ ಬಿಡಿ, ತಣ್ಣಗೆ ಕೂತು ಹೇಳುವ ಕಥೆಯಲ್ಲ ಇದು.

ಒಂದು ಮಂಗಳವಾರ ಬೆಳಿಗ್ಗೆ ನಬಿಂತು ಗಂಟು ಹೊತ್ತು ಹೊರಟಿದ್ದಳು. ತಲೆಯ ಮೇಲೆ ಅಷ್ಟು ಭಾರ ಹೊತ್ತವರಿಗೆ ಕಾಲಬುಡ ಕಾಣುವುದಿಲ್ಲ. ಕಸದ ಗುಡ್ಡೆಯ ಹಿಂದಿನಿಂದ ಒಂದು ಬೂದು ನಾಯಿ ಬಂತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಅವಳ ಮೀನಖಂಡಕ್ಕೆ ಬಾಯಿ ಹಾಕಿ, ಬಿಟ್ಟು, ಓಲಾಡುತ್ತ ಹೋಯಿತು. ಎರಡು ಹಲ್ಲಿನ ತೂತು, ಒಂದಿಷ್ಟು ರಕ್ತ.

ಅವಳು ರಕ್ತ ಒರೆಸಿಕೊಂಡು ಮಧ್ಯಾಹ್ನದವರೆಗೆ ಬಟ್ಟೆ ಮಾರಿದಳು. ನಾಯಿ ಬಾಯಿ ಹಾಕದ ಬಟ್ಟೆಯವಳು ಬಟ್ಟೆಯವಳೇ ಅಲ್ಲ ಅಂತ ಬಟ್ಟೆ ಮಾರುವವರಲ್ಲಿ ಒಂದು ಮಾತಿದೆ. ಒಬ್ಬ ಗಿರಾಕಿ ಹೆಂಗಸು ಗಾಯ ನೋಡಿ ಗದರಿಸಿ ಕಳಿಸಿದ್ದಕ್ಕೆ ಸರ್ಕಾರಿ ಆಸ್ಪತ್ರೆಯ ಗೇಟಿನವರೆಗೂ ಹೋದಳು. ಅಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದ. ನಿರಾಶ್ರಿತರಿಗೆ ಕೊಡುವ ಚೀಟಿ ಅವಳ ಹತ್ತಿರ ಇತ್ತು, ಆದರೆ ಅದರ ಅವಧಿ ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಇಲ್ಲಿನ ಲುಗಾಂಡ ಭಾಷೆಯನ್ನು ಇವಳು ಮುರುಕಾಗಿ ಆಡಿದ್ದು ಕೇಳಿ ಅವನು ನಕ್ಕ. ಅವಳು ನಾಚಿಕೊಂಡು ವಾಪಸ್ ಬಂದಳು.

ಬಂದವಳು ನೇರ ಹೋದದ್ದು ಜಿಹಿಂದುಲ ಅಜ್ಜನ ಮನೆಗೆ.

ಜಿಹಿಂದುಲ ಕಾಂಗೋದ ನಮ್ಮ ಊರಿನವನೇ, ಈಗ ಇದೇ ಓಣಿಯಲ್ಲಿದ್ದಾನೆ. ಅವನ ಹತ್ತಿರ ಕರಿಕಲ್ಲು ಇದೆ. ದನದ ಮೂಳೆ ಸುಟ್ಟು ಮಾಡಿದ ಬೆರಳುದ್ದದ ತುಂಡು. ಹಾವು ಕಚ್ಚಲಿ, ಚೇಳು ಕುಟುಕಲಿ, ನಮ್ಮವರು ಅದನ್ನು ಗಾಯದ ಮೇಲಿಟ್ಟು ಕಟ್ಟುತ್ತಾರೆ. ಕಲ್ಲು ಅಂಟಿಕೊಂಡಿದ್ದರೆ ವಿಷ ಹೀರುತ್ತಿದೆ ಅಂತ ಲೆಕ್ಕ. ತಾನಾಗಿ ಬಿದ್ದರೆ ವಿಷ ಮುಗಿಯಿತು ಅಂತ. ಆಮೇಲೆ ಅದನ್ನು ಹಾಲಲ್ಲಿ ಕುದಿಸಿ, ಹಾಲನ್ನು ದೂರ ಚೆಲ್ಲುತ್ತಾರೆ. ಜಿಹಿಂದುಲ ನಬಿಂತುವಿನ ಕಾಲಿಗೆ ಕಲ್ಲು ಕಟ್ಟಿ ಹೇಳಿದನಂತೆ, "ನೋಡು ಮಗಳೇ, ಕಲ್ಲು ಬೀಳೋವರೆಗೂ ಕಾಲಿಗೆ ಒಂದು ತೊಟ್ಟು ನೀರು ಸೋಕಬಾರದು. ನೀರು ಬಿದ್ರೆ ಕಲ್ಲಿನ ಶಕ್ತಿ ಹೋಗ್ಬಿಡುತ್ತೆ."

ನಾನು ಇರುವುದು ಪಟ್ಟಣದ ಇನ್ನೊಂದು ಕಡೆ. ನನಗೆ ಇದೆಲ್ಲ ಗೊತ್ತಾದದ್ದು ಶುಕ್ರವಾರ, ಒಂದಿಷ್ಟು ಒಣಮೀನು ಕೊಟ್ಟು ಹೋಗೋಣ ಅಂತ ಬಂದಾಗ. ನಬಿಂತು ಅಂಗಳದಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತ ಕೂತಿದ್ದಳು. ಖುಷಿಯಾಗಿದ್ದಳು.

"ಅಕ್ಕಾ, ಬೆಳಿಗ್ಗೆ ಕಲ್ಲು ಬಿತ್ತು!"

"ಯಾವ ಕಲ್ಲೇ?"

ಅವಳು ಲಂಗ ಎತ್ತಿ ಕಾಲು ತೋರಿಸಿದಳು. ಎರಡು ತೂತು, ಸುತ್ತ ಕಪ್ಪು ಮಸಿ, ಮೂರು ದಿನದ ಧೂಳು. ನನ್ನ ಕೈಯಲ್ಲಿದ್ದ ಮೀನಿನ ಪೊಟ್ಟಣ ನೆಲಕ್ಕೆ ಬಿತ್ತು.

"ನಾಯಿ ಕಚ್ಚಿ ಮೂರು ದಿನ ಆಯ್ತು, ಕಾಲು ತೊಳ್ದಿಲ್ವಾ ನೀನು? ನಿಂಗೆ ತಲೇಲಿ ಇರೋದು ಮಿದುಳಾ, ಸೊಪ್ಪಾ?"

"ಯಾಕೆ ಹಿಂಗೆ ಕಿರುಚ್ತೀಯ? ಅಜ್ಜ ಬೇಡ ಅಂದ. ವಿಷ ಎಲ್ಲ ಹೋಗಿದೆ. ಬೆಳಿಗ್ಗೆ ಹಾಲು ಚೆಲ್ಲಿದ್ದೂ ಆಯ್ತು."

"ಆಸ್ಪತ್ರೆಗೆ ಹೋಗೋಕೇನಾಗಿತ್ತು ನಿಂಗೆ?"

"ಹೋಗಿದ್ದೆ. ಗೇಟಲ್ಲೇ ಓಡಿಸಿದ್ರು. ಪರದೇಶದೋರಿಗೆ ಯಾರು ಸೂಜಿ ಚುಚ್ತಾರೆ, ಅಕ್ಕ? ಅದೂ ಹೊಟ್ಟೆಗೆ ಇಪ್ಪತ್ತೊಂದು ಸೂಜಿಯಂತೆ. ನಾನು ಮಲಗಿದ್ರೆ ಮಕ್ಕಳಿಗೆ ಬೇಯ್ಸಿ ಹಾಕೋರು ಯಾರು?"

"ನೀನು ಸತ್ರೆ ಬೇಯ್ಸಿ ಹಾಕೋರು ಯಾರು?"

ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಬರಲಿ ಅಂತ ನಾನು ಇನ್ನೂ ಜೋರಾಗಿ ಕೂಗಿದೆ. ಆಮೇಲೆ ಓಡಿ ಹೋಗಿ ಕಿಸಾಕ್ಯೆಯನ್ನು ಕರೆತಂದೆ. ಕಿಸಾಕ್ಯೆ ಈ ದೇಶದವಳೇ. ಓಣಿಯ ಮಕ್ಕಳ ಲಸಿಕೆ, ಬಾಣಂತಿಯರ ತಪಾಸಣೆ ಎಲ್ಲ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆ. ನಮ್ಮ ಸ್ವಾಹಿಲಿ ಭಾಷೆಯೂ ಅವಳಿಗೆ ಚೆನ್ನಾಗಿ ಬರುತ್ತದೆ. ನಾನು ಕೂಗಾಡಿದ್ದು ಕೇಳಿ ಜಿಹಿಂದುಲ ಅಜ್ಜನೂ ಕೋಲೂರಿಕೊಂಡು ಬಂದ.

ಕಿಸಾಕ್ಯೆ ಗಾಯ ನೋಡಿದವಳೇ, "ಸೋಪು ತನ್ನಿ, ನೀರು ತನ್ನಿ. ಮಾತೆಲ್ಲ ಆಮೇಲೆ" ಅಂದಳು.

"ನೀರಾ?" ಅಂದ ಅಜ್ಜ. "ಇಷ್ಟು ದಿನ ಕಾಪಾಡಿದ್ದು ಹಾಳು ಮಾಡ್ತೀಯಲ್ಲಮ್ಮ."

"ಅಜ್ಜ, ಹುಚ್ಚುನಾಯಿ ರೋಗ ಇರೋದು ನಾಯಿ ಜೊಲ್ಲಲ್ಲಿ. ಅದನ್ನ ಮೊದಲು ತೊಳೀಬೇಕು. ಕಚ್ಚಿದ ತಕ್ಷಣ ಸೋಪು ಹಚ್ಚಿ, ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದಿದ್ರೆ ಅರ್ಧ ಯುದ್ಧ ಅಲ್ಲೇ ಗೆದ್ದಂಗೆ. ನೀವು ಅದನ್ನೇ ಬೇಡ ಅಂದಿದ್ದೀರಿ."

ನಾನು ನೀರು ಸುರಿಯುತ್ತಾ ಹೋದೆ, ಅವಳು ಸೋಪು ಹಚ್ಚುತ್ತಾ ಹೋದಳು. ಎರಡು ಕ್ಯಾನು ನೀರು ಖಾಲಿಯಾಯಿತು. ನಬಿಂತು ಹಲ್ಲು ಕಚ್ಚಿಕೊಂಡು ಕೂತಿದ್ದಳು.

"ನನ್ನ ಕಲ್ಲು ಹನ್ನೊಂದು ಜನರ ನಾಯಿ ಕಡಿತ ನೋಡಿದೆ. ಹತ್ತು ಜನ ಬದುಕಿದ್ದಾರೆ" ಅಂದ ಅಜ್ಜ. ಅವನಿಗೆ ಅವಮಾನವಾಗಿತ್ತು.

"ಆ ಹತ್ತು ಜನರನ್ನ ಕಚ್ಚಿದ ನಾಯಿಗಳಿಗೆ ಹುಚ್ಚಿತ್ತಾ ಅಜ್ಜ?"

"ಅದು ನಂಗೇನು ಗೊತ್ತು?"

"ಇರಲಿಲ್ಲ. ಅದಕ್ಕೇ ಬದುಕಿದ್ರು. ಕಲ್ಲು ಕಟ್ಟಿದ್ರೂ ಬದುಕ್ತಿದ್ರು, ಇಟ್ಟಿಗೆ ಕಟ್ಟಿದ್ರೂ ಬದುಕ್ತಿದ್ರು. ಹನ್ನೊಂದನೆಯವರು ಏನಾದ್ರು?"

ಅಜ್ಜ ಮುಖ ತಿರುಗಿಸಿದ. ನನಗೆ ತಡೆಯಲಾಗಲಿಲ್ಲ.

"ನಾನು ಹೇಳ್ತೀನಿ ಕೇಳು. ಹನ್ನೊಂದನೆಯವನು ನಮ್ಮಣ್ಣ ಬ್ಯಾಮುಂಗು. ನಬಿಂತು, ನೀನಾಗ ಅಮ್ಮನ ಬೆನ್ನ ಮೇಲಿದ್ದೆ, ನಿಂಗೆ ನೆನಪಿಲ್ಲ. ನಂಗೆ ಒಂಬತ್ತು ವರ್ಷ, ಅವನಿಗೆ ಹದಿನಾರು. ಇದೇ ಅಜ್ಜ, ಇದೇ ಕಲ್ಲು. ಕಲ್ಲು ಬಿತ್ತು, ಹಾಲು ಚೆಲ್ಲಿದ್ರು, ಎಲ್ಲ ಸರಿಹೋಯ್ತು ಅಂದ್ರು. ಆರು ವಾರ ಆದ್ಮೇಲೆ ಅವನಿಗೆ ಬಾಯಾರಿಕೆ. ನೀರು ತಂದ್ರೆ ಹೆದರಿ ಗೋಡೆಗೆ ಒರಗ್ತಿದ್ದ. ಅಮ್ಮ ಬಟ್ಟಲು ಹಿಡ್ಕೊಂಡು ಅಳ್ತಿದ್ಲು, ಅವನಿಗೆ ಗಂಟಲು ಕಟ್ತಿತ್ತು. ಮೂರೇ ದಿನ, ಹೋಗ್ಬಿಟ್ಟ."

ನಬಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗ ಈ ಅಜ್ಜ ಏನಂದ ಗೊತ್ತಾ? ನನ್ನ ಕಲ್ಲು ವಿಷ ತೆಗ್ದಿದೆ, ಇದು ವಿಷ ಅಲ್ಲ, ಯಾರೋ ಮಾಟ ಮಾಡಿದ್ದಾರೆ ಅಂದ. ಅಣ್ಣ ಕಾಯಿಲೆ ಬೀಳೋ ಹಿಂದಿನ ದಿನ ಪಕ್ಕದ ಮನೆ ಮಪೆಂದೊ ಅಜ್ಜಿ ಅವನಿಗೆ ಬಾಳೆಹಣ್ಣು ಕೊಟ್ಟಿದ್ಲು. ಅಷ್ಟೇ ಸಾಕಾಯ್ತು ಊರಿಗೆ. ಗಂಡ ಇಲ್ಲ, ಮಕ್ಕಳಿಲ್ಲ, ಕೇಳೋರಿಲ್ಲ. ಅವಳನ್ನ ಹೊಡೆದು ಊರು ಬಿಡಿಸಿದ್ರು. ಅವಳ ಮಡಕೆಗಳನ್ನ ಹೊರಗೆ ಎಸೆದು ಒಡೆದೋರಲ್ಲಿ ನಾನೂ ಇದ್ದೆ. ಒಂಬತ್ತು ವರ್ಷದ ನಾನು! ಎಲ್ಲಾರೂ ಶಭಾಶ್ ಅಂದ್ರು."

ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅಜ್ಜ ಕೋಲು ಎತ್ತಿಕೊಂಡು ಹೊರಟುಹೋದ.

ನಬಿಂತು ಮೆಲ್ಲಗೆ ಕೇಳಿದಳು, "ಕಿಸಾಕ್ಯೆ ತಾಯಿ, ಮೂರು ದಿನ ಆಗ್ಹೋಯ್ತಲ್ಲ. ಈಗ ಹೋಗಿ ಏನುಪಯೋಗ?"

"ಇದೆ. ರೋಗ ಶುರುವಾದ್ಮೇಲೆ ಯಾವ ಡಾಕ್ಟರೂ ಉಳಿಸೋಕಾಗಲ್ಲ. ಶುರುವಾಗೋಕೆ ಮುಂಚೆ ಸೂಜಿ ಚುಚ್ಚಿಸ್ಕೊಂಡ್ರೆ ಉಳೀಬಹುದು. ಅದಕ್ಕೇ ಒಂದು ಗಂಟೆ ಕೂಡ ಕಳೀಬಾರ್ದು. ಇಪ್ಪತ್ತೊಂದೂ ಇಲ್ಲ, ಹೊಟ್ಟೆಗೂ ಇಲ್ಲ. ತೋಳಿಗೆ, ನಾಲ್ಕೋ ಐದೋ. ಏಳು."

ಗೇಟಿನಲ್ಲಿ ಅದೇ ಕಾವಲಿನವನು. ಚೀಟಿ ನೋಡಿ ತಲೆ ಅಲ್ಲಾಡಿಸಿದ. "ಇದರ ಅವಧಿ ಮುಗ್ದಿದೆ. ಹೊಸದು ಮಾಡಿಸ್ಕೊಂಡು ಬರ್ಲಿ."

ಕಿಸಾಕ್ಯೆ ಅಷ್ಟು ಹೊತ್ತು ಸಮಾಧಾನದಲ್ಲೇ ಇದ್ದಳು. ಈಗ ಅವಳ ದನಿ ಅಂಗಳಕ್ಕೆಲ್ಲ ಕೇಳಿತು. "ನಾಯಿ ಇವಳನ್ನ ಕಚ್ಚೋಕೆ ಮುಂಚೆ ಚೀಟಿ ನೋಡಿತ್ತಾ? ಇವಳ ಚೀಟಿ ಹಳೇದು, ಹೊಸದು ಬಂದ್ಮೇಲೆ ಕಚ್ತೀನಿ ಅಂದಿತ್ತಾ? ಮಂಗಳವಾರ ನೀನು ಇವಳನ್ನ ವಾಪಸ್ ಕಳಿಸಿದ್ದೀಯ. ಇವಳಿಗೇನಾದ್ರೂ ಆದ್ರೆ ನಿನ್ನ ಹೆಸರು ಹಿಡ್ಕೊಂಡೇ ಬರ್ತೀನಿ. ಡಾಕ್ಟರನ್ನ ಕರಿ, ನಾನು ಇಲ್ಲೇ ನಿಂತಿರ್ತೀನಿ."

ಅವನು ಪಕ್ಕಕ್ಕೆ ಸರಿದ. ಒಳಗಿದ್ದ ನರ್ಸಮ್ಮ ಚೀಟಿಯ ಮಾತೇ ಎತ್ತಲಿಲ್ಲ. "ಮೂರು ದಿನ ಏನು ಮಾಡ್ತಿದ್ರಿ?" ಅಂತ ನಮ್ಮಿಬ್ಬರನ್ನೂ ಬೈದು, ಗಾಯವನ್ನು ಮತ್ತೆ ತೊಳೆದು, ತೋಳಿಗೆ ಲಸಿಕೆ ಹಾಕಿದಳು. ಹಲ್ಲು ಒಳಗೆ ಹೋಗಿ ರಕ್ತ ಬಂದಿದ್ದರಿಂದ ಗಾಯಕ್ಕೇ ಹಾಕುವ ಇನ್ನೊಂದು ಔಷಧಿಯೂ ಬೇಕಿತ್ತು. ಅದು ಅಲ್ಲಿರಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಅದನ್ನೂ ಹಾಕಿಸಿಕೊಂಡೇ ಮನೆಗೆ ಬಂದೆವು. ಸೋಮವಾರ ಎರಡನೆಯ ಸೂಜಿಗೆ ಬರಬೇಕು ಅಂತ ಬರೆದು ಕೊಟ್ಟರು. ಅದಾಗುವವರೆಗೆ ನಾನು ತಂಗಿಯ ಮನೆಯಲ್ಲೇ ಉಳಿದೆ.

ಭಾನುವಾರ ಪ್ರಾರ್ಥನೆ ಮುಗಿಸಿ ಜನ ವಾಪಸ್ ಬರುವಾಗ ಆ ಬೂದು ನಾಯಿ ಚರಂಡಿ ಪಕ್ಕದಲ್ಲಿ ಬಿದ್ದಿತ್ತು. ಹಿಂಗಾಲು ಎಳೆದುಕೊಂಡು, ಬಾಯಿಂದ ಜೊಲ್ಲು ಸುರಿಸುತ್ತ, ಎಲ್ಲರ ಕಣ್ಣೆದುರೇ ಸತ್ತಿತು. ಕಿಸಾಕ್ಯೆ ಯಾರನ್ನೂ ಹತ್ತಿರ ಬಿಡದೆ ಪಶುವೈದ್ಯರಿಗೆ ಫೋನ್ ಮಾಡಿದಳು. ಅವರು ಬಂದು ನೋಡಿ, "ಹುಚ್ಚುನಾಯಿಯೇ" ಅಂದರು. ನಬಿಂತು ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು.

ಜನರ ಹಿಂದೆ ಜಿಹಿಂದುಲ ಅಜ್ಜನೂ ನಿಂತಿದ್ದ. ಎಲ್ಲರೂ ಚದುರಿದ ಮೇಲೂ ನಿಂತೇ ಇದ್ದ. ಆಮೇಲೆ ನನ್ನ ಹತ್ತಿರ ಬಂದ.

"ಬ್ಯಾಮುಂಗುನ ಕಚ್ಚಿದ ನಾಯೀನೂ ಹಿಂಗೇ ಹಿಂಗಾಲು ಎಳೀತಿತ್ತು. ನಾನು ನೋಡಿದ್ದೆ" ಅಂದ.

"ನೋಡಿದ್ರೂ ಮಾಟ ಅಂದ್ಯಲ್ಲ ಅಜ್ಜ."

"ಕಲ್ಲು ಸೋತಿತು ಅನ್ನೋಕೆ ಬಾಯಿ ಬರ್ಲಿಲ್ಲ, ಮಗಳೇ. ಆ ಮಪೆಂದೊ ಏನೂ ಮಾಡಿರ್ಲಿಲ್ಲ."

"ಇಪ್ಪತ್ತೆಂಟು ವರ್ಷ ಆಯ್ತು. ಈಗ ಅವಳಿಗೆ ಇದನ್ನ ಹೇಳೋರು ಯಾರು?" ಅಂದೆ. ನಾನು ಅವನನ್ನು ಕ್ಷಮಿಸಿಲ್ಲ. ಆದರೆ ಒಂದು ಮಾತು ಹೇಳಬೇಕು. ಕಳೆದ ತಿಂಗಳು ನೆರೆಮನೆಯ ಮಗುವಿಗೆ ನಾಯಿ ಪರಚಿದಾಗ ಆ ಮುದುಕ ಕಲ್ಲು ತೆಗೆಯಲಿಲ್ಲ. ಸೋಪು ತೆಗೆದ. ಮಗುವಿನ ತಾಯಿಯನ್ನು ತಾನೇ ಕಿಸಾಕ್ಯೆಯ ಮನೆಗೆ ಕರೆದುಕೊಂಡು ಹೋದ.

ನಬಿಂತು ಬರೆದುಕೊಟ್ಟ ದಿನಗಳಿಗೆ ತಪ್ಪದೆ ಹೋಗಿ ಎಲ್ಲ ಸೂಜಿ ಹಾಕಿಸಿಕೊಂಡಳು. ಮೂರು ತಿಂಗಳು ಅವಳು ಚಹಾ ಕುಡಿಯುವಾಗಲೆಲ್ಲ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. "ಹಿಂಗೆ ನೋಡ್ಬೇಡಕ್ಕ, ಚಹಾ ನೆತ್ತಿಗೇರುತ್ತೆ" ಅಂತ ಬೈಯುತ್ತಿದ್ದಳು. ಈಗ ಎಂಟು ತಿಂಗಳಾಯಿತು. ಗಂಟು ಹೊತ್ತು ತಿರುಗುತ್ತಿದ್ದಾಳೆ.

ಈಗ ನಿಮಗೆ ಹೇಳುತ್ತೇನೆ, ಈ ಕಥೆ ಓದುತ್ತಿರುವವರಿಗೆ, ಓದಲು ಬಾರದೆ ಕೇಳಿಸಿಕೊಳ್ಳುತ್ತಿರುವವರಿಗೆ. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೂ ಸರಿ, ಮೊದಲು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಕಲ್ಲು, ಸುಣ್ಣ, ಎಣ್ಣೆ, ಖಾರದ ಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೊರಡಿ. ತಡವಾಗಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ, ಇನ್ನೂ ಬೇಗ ಹೊರಡಿ. ಒಂದು ಸೂಜಿ ಆಯಿತು ಅಂತ ನಿಲ್ಲಿಸಬೇಡಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ವರ್ಷವರ್ಷ ಲಸಿಕೆ ಹಾಕಿಸಿ. ಯಾರಾದರೂ ನೀರಿಗೆ ಹೆದರಿ ಸತ್ತರೆ ಪಕ್ಕದ ಮನೆಯ ಮುದುಕಿಯ ಕಡೆ ಬೆರಳು ತೋರಿಸಬೇಡಿ, ನಾಯಿಯ ಕಡೆ ತೋರಿಸಿ.

ಗೇಟಿನಲ್ಲಿ ಯಾರಾದರೂ ತಡೆದರೆ ವಾಪಸ್ ಬರಬೇಡಿ. ಜಗಳ ಮಾಡಿ. ಈ ಊರಿನ ಭಾಷೆಯಲ್ಲಿ ಜಗಳ ಮಾಡಲು ಬರುವುದಿಲ್ಲವೇ? ನನ್ನನ್ನು ಕರೆಯಿರಿ. ಒಣಮೀನಿನ ಸಾಲಿನಲ್ಲಿ ಕೊನೆಯ ಅಂಗಡಿ, ಚಿಬಲೊಂಜ ಅಂದರೆ ಯಾರಾದರೂ ತೋರಿಸುತ್ತಾರೆ. ಅಂಗಡಿ ಮುಚ್ಚಿ ಬರುತ್ತೇನೆ.