ಕುಂತು ಹೋದ ಮಾಯವ್ವ

"ಎಡಗಾಲು ಮೊದಲು," ಎಂದ ನಿಜಗುಣಪ್ಪ.

ಇಬ್ಬರು ಮಾಯವ್ವನ ಭುಜ ಹಿಡಿದಿದ್ದರು. ಮಗ ಶ್ರೀಶೈಲ ತಾಯಿಯ ಮೊಣಕಾಲಿಗೆ ಬಿಸಿನೀರಿನ ಅರಿವೆ ಒತ್ತಿ ಮೆಲ್ಲಗೆ ಮಡಿಸುತ್ತಿದ್ದ. ನಸುಕಿನಲ್ಲಿ ಹೋದ ಜೀವ. ಹೊತ್ತೇರಿದರೆ ಮೈ ಸೆಟೆಯುತ್ತದೆ, ಆಮೇಲೆ ಪದ್ಮಾಸನ ಹಾಕಿಸುವುದು ಯಾರ ಕೈಯಲ್ಲೂ ಆಗದು. ಅಷ್ಟರಲ್ಲಿ ಸವದತ್ತಿಯಿಂದ ಬಂದಿಳಿದ ಮಗಳು ಗಂಗಾ, ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಆ ಮೊಣಕಾಲನ್ನು ತಬ್ಬಿಕೊಂಡಳು.

"ಬಿಡ್ರಿ. ಅವ್ವನ್ನ ಕುಂಡ್ರಸಬ್ಯಾಡ್ರಿ. ಪೆಟ್ಟಿಗಿ ಬರಾಕತ್ತೇತಿ."

"ಯಾ ಪೆಟ್ಟಿಗಿ?" ಎಂದ ನಿಜಗುಣಪ್ಪ. ಸಂಬಂಧದಲ್ಲಿ ಅವಳಿಗೆ ಕಾಕಾ. ಮುನವಳ್ಳಿಯ ಆ ಓಣಿಯಲ್ಲಿ ಮದುವೆಗೂ ಮಣ್ಣಿಗೂ ಅವನೇ ಮುಂದಾಳು.

ಆ ಮನೆತನದಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುವುದು. ವಿಮಾನವೆಂದು ಕರೆಯುವ ಹೂವು ಕಟ್ಟಿದ ಚಟ್ಟದಲ್ಲಿ ಕೂತು, ಭಜನೆಯವರ ಹಿಂದೆ ಊರು ದಾಟಿ ಹೊಲಕ್ಕೆ ಹೋಗಬೇಕು. ಮಾಯವ್ವ ಮಾತ್ರ ಲಿಂಗ ಬಿಟ್ಟು ಯೇಸುವನ್ನು ಹಿಡಿದವಳು. ಗಂಡ ತೀರಿದ ವರ್ಷ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಂಗಸು ಕಲಿಸಿದ ಪ್ರಾರ್ಥನೆ ಅಂಟಿಕೊಂಡದ್ದು ಮತ್ತೆ ಬಿಡಲಿಲ್ಲ. ಹೋದ ವಾರ ಮಗಳ ಕೈ ಹಿಡಿದು ಒಂದೇ ಮಾತು ಕೇಳಿದ್ದಳು: ಪೆಟ್ಟಿಗ್ಯಾಗ ಕಾಲು ಚಾಚಿ ಮಲಗಿಸಿ ಇಡ್ರಿ, ಅಂವ ಕರೆದಾಗ ನಾನ ಏಳ್ತೇನಿ. ಗಂಗಾ ಹೂಂ ಅಂದಿದ್ದಳು. ಅವಳಿಗೆ ದೇವರ ವಿಷಯ ಅಷ್ಟಕ್ಕಷ್ಟೇ. ಅವ್ವನ ವಿಷಯ ಹಾಗಲ್ಲ.

ಶ್ರೀಶೈಲ ತಲೆಯೆತ್ತಲಿಲ್ಲ. "ನಾಳೆ ನನ್ನ ಮಗಳನ್ನ ಯಾರ ತಗೋತಾರವಾ? ನೀ ಸಂಜಿ ಬಸ್ಸಿಗೆ ಹೋಗ್ತಿ. ಈ ಓಣ್ಯಾಗ ಇರಾಂವ ನಾ."

ಹೆಂಗಸರೂ ಬಾಯಿ ಹಾಕಿದರು. ಬಸ್ಸಿನಲ್ಲೂ ಎಂದೂ ಸೀಟು ಹಿಡಿಯದ ಮಾಯವ್ವನಿಗೆ ವಿಮಾನದಲ್ಲಿ ಕೂರುವ ಯೋಗ ಬಂದಿದೆ, ಅದಕ್ಕೂ ಕಲ್ಲು ಹಾಕುತ್ತೀಯಲ್ಲ ಎಂದಳು ಒಬ್ಬಳು. ಸವದತ್ತಿಯ ಪಾಸ್ಟರನ ಹೆಸರು ಅರ್ಜುನ ಅಂತೆ, ಬಾಣ ಬಿಟ್ಟು ಮೇಲಕ್ಕೆ ಏರಿಸುತ್ತಾನೇನು ಎಂದು ಇನ್ನೊಬ್ಬಳು ಸೆರಗಿನಲ್ಲಿ ನಕ್ಕಳು. ಕೊನೆಗೆ ನಿಜಗುಣಪ್ಪನೇ ದಾರಿ ಮಾಡಿದ. ಮನೆಗೆ ಹಿರಿಯಳು ರಾಚವ್ವ, ಸತ್ತವಳ ಅತ್ತೆ. ಅವಳು ಮಲಗಿಸು ಅಂದರೆ ಮಲಗಿಸೋಣ.

"ಲಗೂನ ಕೇಳ್ಕೊಂಡ ಬಾ. ಕಾಲು ನಮ್ಮ ಸಲುವಾಗಿ ಕಾಯಂಗಿಲ್ಲ."

*

ರಾಚವ್ವ ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು. ಲಿಂಗವಿಲ್ಲದ ಕೈಯ ಅನ್ನ ಒಲ್ಲೆ ಎಂದು ಅವಳು ತಾಟು ದೂಡಿದ ದಿನ ಮಾಯವ್ವ ಅಳಲಿಲ್ಲ. ಹೊಸದಾಗಿ ರೊಟ್ಟಿ ಬಡಿದು, ಹಿತ್ತಲ ಗೋಡೆಯ ಮೇಲಿಂದ ನೆರೆಮನೆಯ ಮರೆವ್ವನಿಗೆ ದಾಟಿಸಿದಳು. ಮರೆವ್ವ ಓಣಿ ಸುತ್ತಿ ಮುಂಬಾಗಿಲಿನಿಂದ ಬಂದು, ಯವ್ವಾ, ನಮ್ಮನಿ ರೊಟ್ಟಿ ತಂದೇನಿ ಎಂದಳು. ಮುದುಕಿ ಉಂಡಳು. ಅಂದಿನಿಂದ ರೊಟ್ಟಿಗೆ ದಿನಾ ಅದೇ ದಾರಿಯಾಯಿತು. ಊಟಕ್ಕೆ ನಡೆಯದ ಆ ಕೈ, ಉಚ್ಚೆ ಬಟ್ಟೆ ಬದಲಿಸಲು ಮಾತ್ರ ನಡೆಯುತ್ತಿತ್ತು.

ಮರೆವ್ವ ಓಣಿಗೆಲ್ಲ ಹೆಸರಾದ ಅಣಕುಗಾತಿ. ಖಾಲಿ ತಾಟು ತಂದು, ಬೊಚ್ಚುಬಾಯಿ ಮಾಡಿ, ರಾಚವ್ವನ ದನಿಯಲ್ಲೇ ವರದಿ ಒಪ್ಪಿಸುವಳು: "ಮರೆವ್ವಾ, ನಿನ್ನ ಕೈಯಾಗ ಅಮೃತ ಐತಿ ನೋಡ. ನಮ್ಮ ಮನ್ಯಾಗೂ ಒಂದ ಐತಿ, ಯೇಸುನ ಸೊಸಿ. ಅದರ ರೊಟ್ಟಿ ನಾಯೀನೂ ಮೂಸಂಗಿಲ್ಲ." ಮಾಯವ್ವ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಳು. ಅದರಲ್ಲಿ ನಗುವೆಷ್ಟು, ಅಳುವೆಷ್ಟು ಎಂದು ಗಂಗಾಗೆ ಎಂದೂ ತಿಳಿಯಲಿಲ್ಲ.

ರಾತ್ರಿ ಮುದುಕಿಯ ಮಗ್ಗುಲು ತಿರುವಬೇಕಲ್ಲ, ಮಂಚದ ಕಾಲಿಗೆ ಒರಗಿ ಕೂತಲ್ಲೇ ಮಾಯವ್ವನ ನಿದ್ದೆ. ಭಾನುವಾರದ ಚರ್ಚು ತಪ್ಪಿ ಯಾವ ಕಾಲವೋ ಆಗಿತ್ತು. ಹಂಚಿನ ಮುಂದೆಯೇ ಪ್ರಾರ್ಥನೆ, ರೊಟ್ಟಿ ಬಡಿಯುವ ಸದ್ದಿನ ಮರೆಯಲ್ಲಿ. ಯಾಕವ್ವಾ ಇಷ್ಟೆಲ್ಲ ಎಂದು ಗಂಗಾ ರೇಗಿದರೆ, "ಶಿಲುಬಿ ದಿನಾ ಹೊರೂದವಾ. ಒಂದ ಸಲ ಹೊತ್ತ ಇಳಸೂದಲ್ಲ," ಎಂದು ಮುಂದಿನ ಹಿಟ್ಟಿಗೆ ಕೈ ಹಾಕುತ್ತಿದ್ದಳು.

*

ರಾಚವ್ವ ಸೂರು ನೋಡುತ್ತ ಮಲಗಿದ್ದಳು. ಮರೆವ್ವ ಅವಳ ಕಾಲ ಬಳಿ ಕೂತಿದ್ದಳು. ಗಂಗಾ ಬಾಗಿ, ಅವ್ವ ಬೇಡಿದ್ದನ್ನು ಹೇಳಿದಳು.

"ಪೆಟ್ಟಿಗ್ಯಾಗ ಯಾಕ?" ಎಂದಳು ಮುದುಕಿ. "ಆಕಿ ನಮ್ಮನಿ ಸೊಸಿ. ನಮ್ಮ ಹಂಗ ಕುಂತ ಹೋಗ್ಲಿ. ಲಿಂಗಾ ಕಟ್ರಿ."

ನಮ್ಮನಿ ಸೊಸಿ. ಈ ಮಾತಿಗೆ ಅವ್ವ ಎಷ್ಟು ಕಾದಿದ್ದಳೆಂದು ಗಂಗಾಗೆ ಗೊತ್ತಿತ್ತು. ಬಂತು, ಬಂದದ್ದು ಹೀಗೆ.

"ಆಯೀ," ಎಂದಳು ಗಂಗಾ, "ಇಷ್ಟ ವರ್ಷ ನೀ ಉಂಡ ರೊಟ್ಟಿ ನಮ್ಮವ್ವನ ಕೈಯಾವು. ಆ ಕೈ ಬೇಡಿದ್ದ ಇದೊಂದ. ಕೊಡು."

ಮುದುಕಿಯ ಕಣ್ಣು ಮರೆವ್ವನತ್ತ ತಿರುಗಿತು. ಸಿಟ್ಟಲ್ಲ, ಹೆದರಿಕೆ; ಉಂಡದ್ದೆಲ್ಲ ಹೊಟ್ಟೆಯಲ್ಲಿ ಎದ್ದು ನಿಂತಂತೆ.

"ಅವು ನಮ್ಮನಿವು, ಯವ್ವಾ," ಎಂದಳು ಮರೆವ್ವ. ಆ ಹೊತ್ತು ಅವಳ ದನಿ ಯಾರ ದನಿಯೂ ಆಗಿರಲಿಲ್ಲ. "ಹುಡುಗಿ ದುಃಖದಾಗ ಏನೇನೋ ಅನ್ನಾಕತ್ತೇತಿ."

"ಹಂಗನ್ನು," ಎಂದು ರಾಚವ್ವ ಕಣ್ಣು ಮುಚ್ಚಿದಳು.

ಹೊಸ್ತಿಲಲ್ಲಿ ಗಂಗಾ ಮರೆವ್ವನ ರಟ್ಟೆ ಹಿಡಿದಳು. ಮರೆವ್ವ ಬಿಡಿಸಿಕೊಳ್ಳಲಿಲ್ಲ. "ನಿಮ್ಮವ್ವ ಆಣಿ ಹಾಕ್ಸಿಕೊಂಡಾಳ. ತಿಳೀತಂದ್ರ ಮುದುಕಿ ಅನ್ನಾ ಬಿಟ್ಟ ಸಾಯತೇತಿ ಅಂತ. ನಾ ಏನ ಮಾಡ್ಲಿ, ಹೇಳು."

ಪಡಸಾಲೆಯಲ್ಲಿ ಮಾಯವ್ವ ಕೂತಾಗಿತ್ತು. ಹಣೆಗೆ ವಿಭೂತಿ, ಕೊರಳಲ್ಲಿ ಹೊಸ ಲಿಂಗ, ಬಾಯಿ ಬಿಡದಂತೆ ಗದ್ದಕ್ಕೆ ಕಟ್ಟಿದ ಬಿಳಿ ಅರಿವೆ. ಗಂಗಾ ಹೋಗಿ ಮೊಣಕಾಲು ಮುಟ್ಟಿದಳು. ಕಟ್ಟಿಗೆಯಾಗಿತ್ತು.

ಪೆಟ್ಟಿಗೆ ಹೊತ್ತ ಮೂರು ಗಾಲಿಯ ಟಂಟಂ ಗಾಡಿ ಓಣಿಗೆ ಬಂದದ್ದು ಆಗಲೇ. ಅರ್ಜುನ ಪಾಸ್ಟರ್ ಇಳಿದು, ಉದ್ದನೆಯ ಪೆಟ್ಟಿಗೆಯನ್ನೂ ಕೂತ ಮಾಯವ್ವನನ್ನೂ ಒಮ್ಮೆ ನೋಡಿದ. ಏನಾದರೂ ಹೇಳೆಂಬಂತೆ ಗಂಗಾಳನ್ನು ನೋಡಿದ. ಅವಳು ಮೊಣಕಾಲಿನಿಂದ ಕೈ ತೆಗೆಯಲಿಲ್ಲ. ಅವನು ಬಾಗಿಲ ಹೊರಗೇ ನಿಂತು ತುಟಿ ಅಲುಗಿಸಿದ. ಒಳಗೆ ಭಜನೆಯ ತಾಳ ಎದ್ದಿತು.

ಓಣಿ ಸಣ್ಣದು, ಗಾಡಿ ಹೊರಳಿಸಲು ಜಾಗವಿಲ್ಲ. ವಿಮಾನ ಹೊರಟಾಗ ಟಂಟಂ ಕೂಡ ಅದರ ಹಿಂದೆಯೇ ನಿಧಾನವಾಗಿ ಹೊರಡಬೇಕಾಯಿತು. ನಡುವೆ ಗಂಗಾ ನಡೆದಳು. ಚಹಾದಂಗಡಿಯಲ್ಲಿ ಕೂತವರು ಎದ್ದು ವಿಮಾನಕ್ಕೆ ಕೈಮುಗಿದರು. ಕೂರಬೇಕೆನ್ನುವಷ್ಟರಲ್ಲಿ ಪೆಟ್ಟಿಗೆ ಕಂಡು, ಮತ್ತೊಂದು ಸಾವೆಂದುಕೊಂಡು, ಇನ್ನೊಮ್ಮೆ ಕೈಮುಗಿದರು. ಇದರಾಗ ಯಾರವಾ ಎಂದು ಒಬ್ಬ ಮುದುಕ ಮೆಲ್ಲಗೆ ಕೇಳಿದ.

ಕೂಡುದಾರಿಯಲ್ಲಿ ಮೆರವಣಿಗೆ ಹೊಲದ ಕಡೆ ಹೊರಳಿತು; ಟಂಟಂ ಸವದತ್ತಿಯ ರಸ್ತೆ ಹಿಡಿಯಿತು. ತಗ್ಗು ಬಂದಲ್ಲೆಲ್ಲ ಖಾಲಿ ಪೆಟ್ಟಿಗೆ ಎಗರಿ ಬೀಳುತ್ತಿತ್ತು. ಪಾಸ್ಟರ್ ಅದರ ಪಕ್ಕ ಕೂತು, ಒಳಗಿದ್ದವರಿಗೆ ನೋಯದಿರಲಿ ಎಂಬಂತೆ, ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಿದ್ದ.