ಮಿಟುಕದ ಕಣ್ಣು

ಹೆಬ್ಬೆರಳಿಗೆ ಹತ್ತಿದ ಬೇಳೆಸಾರಿನ ಹಳದಿ ಫೋನಿನ ಗಾಜಿಗೂ ಹತ್ತಿತು, ಒಡೆದ ಗಾಜು, ಸೀಳಿನೊಳಗೆ ಇಳಿದ ಹಳದಿ ಇನ್ನು ಹೋಗುವುದಿಲ್ಲ, ಆದರೂ ನಾಗಜ್ಯೋತಿ ಸೆರಗಿನಿಂದ ಒರೆಸಿದಳು, ಒರೆಸಿದ್ದೇ ತಪ್ಪಾಯಿತು, ಪರದೆ ಎಚ್ಚರಾಗಿ ಮತ್ತದೇ ನೀಲಿ ಗುಂಡಿ ತೋರಿಸಿತು — ಈಗಲೇ ಅಪ್‌ಡೇಟ್ ಮಾಡಿ, ತೆಲುಗಿನಲ್ಲಿ, ಆಂಧ್ರದ ಗಡಿಯ ಈ ಅಂಗನವಾಡಿಗೆ ಟೀಚರಾಗಿ ಬಂದ ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಹಾಡು ಕನ್ನಡದಲ್ಲಿ, ಹಾಜರಿ ತೆಲುಗಿನಲ್ಲಿ. ಬೆಳಿಗ್ಗೆಯಿಂದ ಆರನೇ ಸಲ ಕೇಳುತ್ತಿದೆ ಈ ಫೋನು, ಮಲಗಿದ ಮಕ್ಕಳಾದರೂ ಇಷ್ಟು ಪೀಡಿಸುವುದಿಲ್ಲ, ಚಾಪೆಯ ಮೇಲೆ ಸಾಲಾಗಿ ಬಿದ್ದುಕೊಂಡಿವೆ, ಒಂದರ ಮೂಗು ಸೋರುತ್ತಿದೆ, ಒರೆಸಬೇಕು, ಎದ್ದೇಳಲು ಸೊಂಟ ಒಪ್ಪುತ್ತಿಲ್ಲ — ಐದು ಗಂಟೆಯೊಳಗೆ ಫೋನಿನ ಸಿಸ್ಟಮ್ಮೇ ಹೊಸದಾಗಬೇಕು, ಇಲ್ಲದಿದ್ದರೆ ನಾಳೆಯಿಂದ ಆಪ್ ತೆರೆಯುವುದಿಲ್ಲ, ಹಾಜರಿ ಹೋಗದಿದ್ದರೆ ಮುಂದಿನ ತಿಂಗಳು ಮೂವತ್ತೊಂದು ಮಕ್ಕಳ ಕಾಳುಕಡಿ ಬರುವುದಿಲ್ಲ. ಒತ್ತಿದರೆ ಮುಗಿಯಿತು, ಒಂದು ಬೆರಳಿನ ಕೆಲಸ. ಪಕ್ಕದೂರಿನ ಟೀಚರು ಗುರುಶಾಂತಮ್ಮ ನಿನ್ನೆಯೇ ಒತ್ತಿದ್ದಾಳೆ, ಬೆಳಿಗ್ಗೆ ಫೋನು ಮಾಡಿದ್ದಳು, ಹೊಸದರಾಗ ಮುಖ ತೋರಿಸಿದ್ರ ಸಾಲಂಗಿಲ್ಲವ್ವ, ಕಣ್ಣು ಮಿಟುಕಿಸು ಅಂತೈತಿ, ಮಿಟುಕಿಸಿದ್ರನ ಹಸಿರು ಗುರುತು, ಒಮ್ಮೆ ಮಾಡಿದ್ರ ಹಿಂದಕ್ಕ ಬರಂಗಿಲ್ಲ ನೋಡು. ಆ ಮಾತು ಕೇಳಿದಾಗಿನಿಂದ ನಾಗಜ್ಯೋತಿಗೆ ಬೇರೇನೂ ನೆನಪಾಗುತ್ತಿಲ್ಲ, ಹಾರಿಕಾಳ ಕಣ್ಣು ಬಿಟ್ಟರೆ.

ಹಾರಿಕಾ ಗಂಡನ ಜೊತೆ ಸುಗ್ಗಿಗೆ ಹೋದದ್ದು ಸಂಕ್ರಾಂತಿಗೂ ಮುಂಚೆ, ಸುಗ್ಗಿ ಅಂದರೆ ನಮ್ಮ ಹೊಲದ ಸುಗ್ಗಿಯಲ್ಲ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸುವುದು, ಕೌತಾಳಂ ಸುತ್ತಿನ ಅರ್ಧ ಊರು ಲಾರಿ ಹತ್ತುತ್ತದೆ, ವರ್ಷ ತುಂಬಿ ನಾಲ್ಕು ತಿಂಗಳಾದ ಗಂಗೋತ್ರಿಯನ್ನು ಆ ಖಾರದ ದೂಳಿನಲ್ಲಿ ಹೇಗೆ ಮಲಗಿಸುವುದು ಎಂದು ಅತ್ತೆ ಹುಸೇನಮ್ಮನ ಕಂಕುಳಿಗೆ ಕೊಟ್ಟು ಹೋದಳು, ಹೋಗುವಾಗ ಅಳಲಿಲ್ಲ, ಲಾರಿ ತಿರುಗಿದ ಮೇಲೆ ಅತ್ತಿರಬೇಕು. ಮಗುವಿನ ಪಾಲಿನ ಹಿಟ್ಟಿನ ಪೊಟ್ಟಣ ಕೊಡಬೇಕಾದರೆ ಫೋನಿಗೆ ತಾಯಿಯ ಮುಖ ಬೇಕು, ಹೆಸರು ಬರೆಸಿದ್ದು ತಾಯಿ, ಅಜ್ಜಿ ನಡೆಯುವುದಿಲ್ಲ. ಮುಖ ಬೇಕಂತ ಅತ್ತಿ, ನಾನೇನು ಮಾಡ್ಲಿ, ಅಂದಿದ್ದಳು ನಾಗಜ್ಯೋತಿ, ಊರಿಗೆಲ್ಲ ಆಕೆ ಅತ್ತಿಯೇ, ಅಂದು ಕಳಿಸಿದ್ದಳು, ಅರ್ಧ ಗಂಟೆಗೆ ಹುಸೇನಮ್ಮ ವಾಪಸು, ಗೋಡೆಯಿಂದ ಇಳಿಸಿದ ಮದುವೆ ಫೋಟೋ ಎದೆಗವಚಿಕೊಂಡು, ತಗಾ ಟೀಚರಮ್ಮ, ಮುಖ ಇಲ್ಲೈತಿ. ಎಷ್ಟು ನಕ್ಕಿದ್ದಳು ಅವತ್ತು, ನಗುತ್ತಲೇ ಫೋನು ಹಿಡಿದಳು, ತಮಾಷೆಗೆ, ಟಿಂಗ್ ಎಂದು ಹಸಿರು ಗುರುತು ಬಿತ್ತು, ನಗು ಅಲ್ಲೇ ನಿಂತಿತು. ಫೋಟೋದಲ್ಲಿ ಹಾರಿಕಾಳ ಕಣ್ಣು ಅಷ್ಟಗಲ, ಆದೋನಿಯ ಸ್ಟುಡಿಯೋದವನು ಎರಡು ಸಲ ಫ್ಲಾಶ್ ಹೊಡೆದು ಎರಡು ಸಲವೂ ಕಣ್ಣು ಮುಚ್ಚಿದ್ದಕ್ಕೆ ಗದರಿಸಿದ್ದನಂತೆ, ಮಿಟುಕಿಸಬೇಡಮ್ಮಾ ಎಂದು, ಮೂರನೇ ಸಲ ಆ ಹುಡುಗಿ ಪ್ರಾಣ ಹೋದರೂ ಮುಚ್ಚಲಿಲ್ಲ, ಬೆದರಿದ ಕಣ್ಣು, ಬಾಸಿಂಗದ ಕೆಳಗೆ. ಅದೇ ಕಣ್ಣು ಎರಡು ತಿಂಗಳು ಮಗುವಿಗೆ ಹಿಟ್ಟು ತಂದುಕೊಟ್ಟಿತು.

ಸುಳ್ಳು ಅಂದರೆ ಸುಳ್ಳೇ, ತಾಯಿ ಬಂದಿದ್ದಳು ಎಂದು ಇವಳೇ ತೋರಿಸಿದ್ದು, ಯಾರಾದರೂ ಹಿಡಿದರೆ ಕೆಲಸ ಹೋಗುತ್ತದೆ, ಆದರೆ ಮಗು ಸುಳ್ಳಲ್ಲವಲ್ಲ, ತೂಕದ ಜೋಲಿಯಲ್ಲಿ ಕೂರಿಸಿ ಬರೆದರೆ ಬೆಳವಣಿಗೆ ಪಟ್ಟಿಯ ಗುರುತು ಹಳದಿ ದಾಟಿ ಹೋದ ತಿಂಗಳಷ್ಟೇ ಹಸಿರಿಗೆ ಬಂದಿದೆ, ಫೋನಿನದೊಂದು, ಪಟ್ಟಿಯದೊಂದು, ಈ ಎರಡು ಹಸಿರಿಗಾಗಿ ಎಷ್ಟು ಒದ್ದಾಟ. ಸೂಪರ್‌ವೈಸರ್ ಮಹೇಶ್ವರಿ ಮೇಡಂಗೆ ಮಧ್ಯಾಹ್ನ ಕೇಳಿದ್ದಳು, ಸುತ್ತಿಬಳಸಿ, ತಾಯಿ ಊರಾಗಿಲ್ಲ ಅಂದ್ರ ಮೇಡಂ, ಅಜ್ಜಿ ಮುಖ — ನಾ ಏನೂ ಕೇಳಲಿಲ್ಲ ನಾಗಜ್ಯೋತಿ, ನೀನೂ ಏನೂ ಹೇಳಲಿಲ್ಲ, ಐದರೊಳಗ ಅಪ್‌ಡೇಟ್ ಮಾಡು, ಅಂದು ಮೇಡಂ ಫೋನಿಟ್ಟರು. ಅವರಿಗೂ ಮೇಲೆ ಯಾರೋ ಇದ್ದಾರೆ. ಲೆಕ್ಕಕ್ಕಿಲ್ಲದೆ ಒಂದು ಪೊಟ್ಟಣ ಕೊಡೋಣವೆಂದರೆ ಮುಖಕ್ಕೊಂದು ಪೊಟ್ಟಣ, ಕಮ್ಮಿಯಾದರೆ ಫೋನು ಕೆಂಪು ತೋರಿಸುತ್ತದೆ, ಹಾರಿಕಾಳನ್ನು ಕರೆಸೋಣವೆಂದರೆ ಮೇಸ್ತ್ರಿ ಯುಗಾದಿಯವರೆಗೆ ಬಿಡುವುದಿಲ್ಲ, ಒತ್ತದೆ ಸುಮ್ಮನಿರೋಣವೆಂದರೆ ಈ ಮೂವತ್ತೊಂದು, ಈ ಸೋರುವ ಮೂಗು, ಈ ಬಾಯಿ ತೆರೆದ ನಿದ್ದೆ. ಸಾಕಾಗಿದೆ, ನಿಜಕ್ಕೂ ಸಾಕಾಗಿದೆ, ಒಂದು ಫೋನಿಗೆ ಕಣ್ಣು ಮಿಟುಕುವುದನ್ನು ನೋಡುವ ಬುದ್ಧಿ ಕೊಟ್ಟವರು ಎದುರಿಗಿರುವ ಮಗುವನ್ನು ನೋಡುವ ಬುದ್ಧಿ ಕೊಡಬಾರದಿತ್ತೇ. ನಾಲ್ಕೂಕಾಲು. ಕೊನೆಗೆ ಆಯಾಳನ್ನು ಓಡಿಸಿದಳು, ಹುಸೇನಮ್ಮನಿಗೆ ಬೇಗ ಬಾ ಅನ್ನು, ಫೋಟೋ ತರಲಿ, ಈ ತಿಂಗಳದ್ದಾದರೂ ಅಪ್‌ಡೇಟಿಗೂ ಮುಂಚೆಯೇ ಆಗಿಬಿಡಲಿ.

ಬಂದಳು, ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋಟೋದೊಳಗಿನ ಸೊಸೆ, ಸೆರಗಿನಿಂದ ಗಾಜು ಒರೆಸಿ ಹಿಡಿದಳು, ಇಷ್ಟು ದಿನಕ್ಕೆ ಹೇಗೆ ಹಿಡಿಯಬೇಕೆಂದು ಕಲಿತಿದ್ದಾಳೆ, ಬಿಸಿಲು ಬೀಳದ ಹಾಗೆ ಸ್ವಲ್ಪ ಓರೆಯಾಗಿ, ಟಿಂಗ್, ಹಸಿರು. ಪೊಟ್ಟಣ ಕೊಟ್ಟ ಕೈ ಹಿಂದಕ್ಕೆ ಬರುವಷ್ಟರಲ್ಲೇ ಹೇಳಬೇಕು, ಹೇಳಿಬಿಟ್ಟಳು, ಅತ್ತಿ, ಮುಂದಿನ ತಿಂಗಳ ಇದು ನಡಿಯಂಗಿಲ್ಲ, ಫೋನು ಹೊಸದಾಗತೈತಿ, ಇನ್ನ ಕಣ್ಣು ಮಿಟುಕಿಸಬೇಕಂತ. ಹುಸೇನಮ್ಮ ಬೈಯುತ್ತಾಳೆ ಅಂದುಕೊಂಡಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತು, ಆಕೆ ಫೋಟೋ ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ನೋಡಿದಳು, ಮಿಟುಕಿಸಬ್ಯಾಡ ಅಂದ್ರವ್ವ ಅವತ್ತು, ನೀರು ಬಂದ್ರೂ ಮುಚ್ಚಲಿಲ್ಲ ನನ್ನ ಸೊಸಿ, ಹೇಳಿದಂಗ ಕೇಳಿದ್ಲು. ಕಂಕುಳಿನ ಗಂಗೋತ್ರಿ ಇದೇನೋ ಆಟವೆಂದು ಎರಡೂ ಕಣ್ಣು ಪಿಳಿಪಿಳಿ ಮಾಡಿತು, ಫೋಟೋದತ್ತ, ಕಾಯಿತು, ಮತ್ತೆ ಮಾಡಿತು. ಅವರು ಹೋದರು. ನಾಲ್ಕು ಐವತ್ತು, ನಾಗಜ್ಯೋತಿ ಹೆಬ್ಬೆರಳು ಒತ್ತಿದಳು, ಹಳದಿ ಹೆಬ್ಬೆರಳು, ಪರದೆ ಕಪ್ಪಾಯಿತು, ಒಡೆದ ಕಪ್ಪು ಗಾಜು, ಅದರಲ್ಲಿ ತನ್ನ ಮುಖ ಕಾಣಬೇಕಿತ್ತು, ಕಾಣುತ್ತಿರುವುದು ಕಣ್ಣು, ಬಾಸಿಂಗದ ಕೆಳಗೆ, ಅಷ್ಟಗಲ ಕಣ್ಣು, ಮಗು ಕಾಯುತ್ತಿದೆ, ಕಣ್ಣು ತೆರೆದೇ ಇದೆ —